ಉಣುಗು ಕಚ್ಚಿದ ಚರ್ಮದೊಳಗೆ



ಸೋಂದಾದಲ್ಲಿ ಉಪನ್ಯಾಸವೆಂದರೆ ವಾದಿರಾಜರ ಮಾತು, ಸೋದೆ ಅರಸರ ಮಾತು, ಸ್ವಾದಿ ಜೈನ ಮಠದ ಮಾತು, ಸ್ವರ್ಣವಲ್ಲಿಯ ಮಾತು ಬರುವುದು ವಾಡಿಕೆ. ಅವನ್ನು ಬಲ್ಲವರು ಈ ಸಭೆಯಲ್ಲೇ ಬೇಕಾದಷ್ಟು ಜನರಿದ್ದೀರಿ. ನಾನು ಪಶುವೈದ್ಯ. ನನ್ನ ಕೆಲಸದ ಆಯುಷ್ಯವೆಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೊಟ್ಟಿಗೆಗಳಲ್ಲಿ ಕಳೆದಿದೆ. ಹಾಗಾಗಿ ಕೊಟ್ಟಿಗೆಯಿಂದಲೇ ಒಂದು ವಿಷಯವನ್ನು ಎತ್ತಿಕೊಂಡು ಬಂದಿದ್ದೇನೆ: ಉಣುಗು ಕಚ್ಚಿದಾಗ ಪ್ರಾಣಿಯ ಚರ್ಮ ಏನು ಮಾಡುತ್ತದೆ?

ನಮ್ಮ ಬೇಸಾಯದ ರೀತಿಯೇ ಉಣುಗನ್ನು ಮನೆ ಬಾಗಿಲಿಗೆ ತರುವಂಥದ್ದು. ಸೊಪ್ಪಿನಬೆಟ್ಟದಿಂದ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುತ್ತೇವೆ, ಕೊಟ್ಟಿಗೆಯಲ್ಲಿ ಹಾಸುತ್ತೇವೆ, ದನ ಅದರ ಮೇಲೆ ಮಲಗುತ್ತದೆ, ಅದು ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ಬೆಟ್ಟ, ಕೊಟ್ಟಿಗೆ, ತೋಟ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಈ ಸೀಮೆಯ ತೋಟಗಳು ತಲೆಮಾರುಗಳ ಕಾಲ ಉಳಿದು ಬಂದಿವೆ. ಆದರೆ ದರಕು ಗುಡಿಸುವ ಕಾಲವೂ ಕಾಡಿನ ನೆಲದಲ್ಲಿ ಎಳೆಯ ಉಣುಗುಗಳು ತುಂಬಿರುವ ಕಾಲವೂ ಒಂದೇ. ಮಳೆ ಮುಗಿದ ಮೇಲೆ ಮೊಟ್ಟೆಯೊಡೆದ ಮರಿಗಳು ಮೊದಲ ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ನಿಂಫ್‌ಗಳಾಗಿ ಡಿಸೆಂಬರಿನಿಂದ ಮೇವರೆಗೆ ಒಣಗಿದ ಎಲೆಗಳಲ್ಲಿ ಕಾದಿರುತ್ತವೆ. ಎಳ್ಳುಕಾಳಿಗಿಂತ ಚಿಕ್ಕವು. ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯ ಕಾಲವೂ ಇದೇ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಅದನ್ನು ಹೇಗೆ ಅನುಭವಿಸಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಉಣುಗು ಕಂಡೊಡನೆ ಯಾವ ಮದ್ದು ಹೊಡೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಒಂದೇ ಬೇಣದಲ್ಲಿ ಮೇಯುವ ಎರಡು ಆಕಳುಗಳಲ್ಲಿ ಒಂದರ ಮೈತುಂಬ ಉಣುಗು, ಇನ್ನೊಂದರ ಮೇಲೆ ಹುಡುಕಿದರೂ ನಾಲ್ಕು ಸಿಗುವುದಿಲ್ಲ, ಯಾಕೆ ಎಂದು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆ ಹೆಚ್ಚು ದೊಡ್ಡದು.

ಉಣುಗು ಕಚ್ಚುವುದು ಸೊಳ್ಳೆ ಕಚ್ಚಿದ ಹಾಗಲ್ಲ. ಸೊಳ್ಳೆ ಒಂದೆರಡು ನಿಮಿಷದಲ್ಲಿ ಕುಡಿದು ಹಾರಿಹೋಗುತ್ತದೆ. ಉಣುಗಿಗೆ ದಿನಗಳು ಬೇಕು. ಮೊದಲು ಎರಡು ಪುಟ್ಟ ಕತ್ತರಿಗಳಂಥ ಅಂಗಗಳಿಂದ ಚರ್ಮ ಕೊಯ್ಯುತ್ತದೆ, ಹಿಮ್ಮುಖ ಮುಳ್ಳುಗಳಿರುವ ಮೂತಿಯನ್ನು ಒಳಗೆ ತೂರಿಸುತ್ತದೆ. ಹೆಚ್ಚಿನ ಜಾತಿಗಳು ಅಂಟಿನಂಥ ದ್ರವ ಸುರಿಸಿ ಮೂತಿಯ ಸುತ್ತ ಗಟ್ಟಿ ಮಾಡಿಕೊಳ್ಳುತ್ತವೆ. ಚರ್ಮದಡಿ ಸಣ್ಣ ರಕ್ತನಾಳಗಳು ಹರಿದು ಒಂದು ಪುಟ್ಟ ಮಡುವಾಗುತ್ತದೆ. ಅದರಿಂದ ಒಂದಿಷ್ಟು ಹೀರುತ್ತದೆ, ಒಂದಿಷ್ಟು ಜೊಲ್ಲು ಬಿಡುತ್ತದೆ, ಮತ್ತೆ ಹೀರುತ್ತದೆ. ಮೊದಲ ಹಲವು ದಿನ ನಿಧಾನ. ಕಡೆಯ ಒಂದು ದಿನದಲ್ಲಿ ಹೆಣ್ಣು ಉಣುಗು ಒಮ್ಮೆಲೇ ಊದಿ, ತನ್ನ ಮೊದಲಿನ ತೂಕದ ನೂರು ಪಟ್ಟಿನವರೆಗೂ ಬೆಳೆದು ಉದುರುತ್ತದೆ.

ಇಷ್ಟು ದಿನ ಜೀವಂತ ಚರ್ಮದಲ್ಲಿ ಮೂತಿ ಹೂತು ಕೂರುವುದು ಸುಲಭವಲ್ಲ. ಗಾಯವಾದ ಕ್ಷಣದಿಂದಲೇ ದೇಹ ಕೆಲಸ ಶುರು ಮಾಡುತ್ತದೆ. ಪ್ಲೇಟ್‌ಲೆಟ್‌ಗಳು ಒಟ್ಟುಗೂಡಿ ರಕ್ತ ಹೆಪ್ಪುಗಟ್ಟಿಸಲು ನೋಡುತ್ತವೆ. ಚರ್ಮದ ಮೇಲ್ಪದರದ ಕೋಶಗಳು ರಾಸಾಯನಿಕ ಸಂಕೇತ ಹೊರಡಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅಲ್ಲೇ ಇರುವ ಮಾಸ್ಟ್ ಕೋಶಗಳು ಹಿಸ್ಟಮೀನ್ ಸುರಿಸುತ್ತವೆ. ಅದರಿಂದ ಊತ, ತುರಿಕೆ. ಲ್ಯಾಂಗರ್‌ಹನ್ಸ್ ಕೋಶಗಳು ಜೊಲ್ಲಿನ ತುಣುಕುಗಳನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳು, ಬಿ ಕೋಶಗಳು ಆ ಗುರುತನ್ನು ಕಲಿಯುತ್ತವೆ. ಕಲಿಕೆಗೆ ವಾರ ಬೇಕು. ಮೊದಲ ಸಲ ಕಚ್ಚಿದ ಉಣುಗು ಅಷ್ಟರೊಳಗೆ ಕುಡಿದು ಮುಗಿಸಿ ಹೋಗಿರುತ್ತದೆ.

ಹಾಗೆ ಕುಡಿದು ಹೋಗಲು ಸಾಧ್ಯವಾಗುವುದು ಅದರ ಜೊಲ್ಲಿನಿಂದ. ಜೀವಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ದ್ರವ ಇನ್ನೊಂದಿಲ್ಲ. ಪ್ಲೇಟ್‌ಲೆಟ್ ಒಟ್ಟುಗೂಡದಂತೆ ತಡೆಯುವ ಎಪೈರೇಸ್ ಅದರಲ್ಲಿದೆ. ರಕ್ತನಾಳ ಹಿಗ್ಗಿಸುವ ಪ್ರೋಸ್ಟಾಗ್ಲಾಂಡಿನ್ ಇದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಸರಣಿಯನ್ನು ನಡುವೆಯೇ ತುಂಡರಿಸುವ ಪ್ರೋಟೀನುಗಳಿವೆ. ಬಿಳಿ ಕಣಗಳನ್ನು ಕರೆಯುವ ಸಂಕೇತಗಳನ್ನೇ ದಾರಿಯಲ್ಲಿ ಹಿಡಿದಿಡುವ ಇವ್ಯಾಸಿನ್ ಎಂಬ ಪ್ರೋಟೀನುಗಳನ್ನು ನಾಯಿಯ ಉಣುಗಿನಲ್ಲಿ ಕಂಡುಹಿಡಿದಿದ್ದಾರೆ. ಆಫ್ರಿಕಾದ ಒಂದು ದನದ ಉಣುಗಿನ ಜೊಲ್ಲಿನಲ್ಲಿ ಹಿಸ್ಟಮೀನನ್ನು ಹಿಡಿದು ನುಂಗಿಬಿಡುವ ಪ್ರೋಟೀನು ಇರುವುದು 1999ರಲ್ಲಿ ಗೊತ್ತಾಯಿತು. ಹಿಸ್ಟಮೀನ್ ಇಲ್ಲದಿದ್ದರೆ ತುರಿಕೆಯಿಲ್ಲ. ತುರಿಕೆ ಇಲ್ಲದಿದ್ದರೆ ದನ ನೆಕ್ಕುವುದಿಲ್ಲ, ನಾವು ಕೈ ಹಾಕಿ ನೋಡುವುದಿಲ್ಲ. ಸ್ನಾನ ಮಾಡುವಾಗ ಅಕಸ್ಮಾತ್ ಕೈಗೆ ಸಿಕ್ಕಿದಾಗಲೇ ಉಣುಗು ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದು ಇದೇ ಕಾರಣಕ್ಕೆ.

ಪ್ರಾಣಿಯ ದೇಹ ಇದನ್ನು ಮೀರಿ ಕಲಿಯಬಲ್ಲದು ಎಂದು ಮೊದಲು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ವಿಲಿಯಂ ಟ್ರೇಗರ್, 1939ರಲ್ಲಿ. ಗಿನಿಯಿಲಿಗಳ ಮೇಲೆ ಉಣುಗಿನ ಮರಿಗಳನ್ನು ಬಿಟ್ಟರು. ಮೊದಲ ಸಲ ಮರಿಗಳು ಹೊಟ್ಟೆತುಂಬ ಕುಡಿದವು. ಅದೇ ಗಿನಿಯಿಲಿಗಳ ಮೇಲೆ ಮತ್ತೆ ಬಿಟ್ಟಾಗ ಹೆಚ್ಚಿನವು ಕುಡಿಯಲಾರದೆ ಸೊರಗಿದವು, ಸತ್ತವು. 1973ರಲ್ಲಿ ಅಲೆನ್ ಎಂಬ ವಿಜ್ಞಾನಿ ಹಾಗೆ ನಿರೋಧ ಕಲಿತ ಚರ್ಮವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಉಣುಗಿನ ಮೂತಿಯ ಸುತ್ತ ಬೇಸೋಫಿಲ್‌ಗಳು ಕಿಕ್ಕಿರಿದಿದ್ದವು. ಇವು ರಕ್ತದಲ್ಲಿ ಇರುವುದೇ ಬಲು ಕಡಿಮೆ, ಬಿಳಿ ಕಣಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಬಹುಕಾಲ ಇವುಗಳ ಕೆಲಸವೇನೆಂದೇ ಯಾರಿಗೂ ಖಚಿತವಿರಲಿಲ್ಲ.

ಆ ಖಚಿತತೆ ಬಂದದ್ದು ಜಪಾನಿನಿಂದ, 2010ರಲ್ಲಿ. ಟೋಕಿಯೊದಲ್ಲಿ ಹಾಜಿಮೆ ಕರಸುಯಾಮ ಅವರ ತಂಡ ಇಲಿಗಳಲ್ಲಿ ಬೇಸೋಫಿಲ್‌ಗಳನ್ನು ಮಾತ್ರ ಇಲ್ಲವಾಗಿಸಿ ನೋಡಿತು. ಕಲಿತಿದ್ದ ನಿರೋಧ ಹೋಯಿತು, ಉಣುಗು ಮತ್ತೆ ಹೊಟ್ಟೆತುಂಬ ಕುಡಿಯಿತು. ಅವರು ಬಳಸಿದ್ದು ಹಿಮಫೈಸಾಲಿಸ್ ಕುಲದ ಉಣುಗನ್ನು. ನಮ್ಮ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವ ಹಿಮಫೈಸಾಲಿಸ್ ಸ್ಪಿನಿಜೆರಾದ ದಾಯಾದಿ ಅದು. ಮುಂದೆ ಅದೇ ತಂಡ ಇನ್ನೊಂದನ್ನು ತೋರಿಸಿತು: ಮೊದಲ ಕಡಿತದ ನೆನಪು ಇಟ್ಟುಕೊಂಡ ಟಿ ಕೋಶಗಳು ಕಚ್ಚಿದ ಜಾಗದಲ್ಲಷ್ಟೇ ಅಲ್ಲ, ಮೈಯ ಬೇರೆ ಕಡೆಯ ಚರ್ಮದಲ್ಲೂ ಹೋಗಿ ನೆಲೆಸುತ್ತವೆ. ಎರಡನೆಯ ಉಣುಗು ಎಲ್ಲಿ ಕಚ್ಚಿದರೂ ಅವು ಬೇಸೋಫಿಲ್‌ಗಳನ್ನು ಕರೆಯುತ್ತವೆ, ಬೇಸೋಫಿಲ್‌ಗಳು ಹಿಸ್ಟಮೀನ್ ಸುರಿಸುತ್ತವೆ, ಚರ್ಮದ ಮೇಲ್ಪದರ ದಪ್ಪವಾಗುತ್ತದೆ, ಮೂತಿಗೆ ರಕ್ತ ಸಿಗುವುದಿಲ್ಲ.

ಈಗ ನಮ್ಮ ಆಕಳಿನ ಹತ್ತಿರ ಬರೋಣ. ನಮ್ಮ ನಾಟಿ ತಳಿಯಾದ ಮಲೆನಾಡು ಗಿಡ್ಡದ ಕಿವಿಯ ಒಳಬದಿ, ಗಂಗೆದೊಗಲು, ಕೆಚ್ಚಲ ಸಂದು, ಬಾಲದ ಬುಡ ಇವನ್ನು ಬೆಳಕಿಗೆ ಹಿಡಿದು ನೋಡಿ. ಊದಿದ ಉಣುಗು ಅಪರೂಪ. ಬದಲಿಗೆ ಸಣ್ಣ ಸಣ್ಣ ಹಕ್ಕಳೆ ಕಾಣುತ್ತವೆ. ಒಂದು ಹಕ್ಕಳೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಅದರೊಳಗೆ ಒಣಗಿ ಚಪ್ಪಟೆಯಾದ ಮರಿ ಉಣುಗು ಸಿಗುವುದುಂಟು. ಕಚ್ಚಿದೆ, ಅಂಟಿಕೊಂಡಿದೆ, ಅಲ್ಲಿ ರಸ ಒಸರಿ ಒಣಗಿ ಅದನ್ನೇ ಮುಚ್ಚಿಹಾಕಿದೆ. ಪಕ್ಕದಲ್ಲಿ ಕಟ್ಟಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಅದೇ ಜಾಗಗಳಲ್ಲಿ ಬೂದು ಬಣ್ಣದ ತುಂಬಿದ ಉಣುಗುಗಳು ಸಾಲಾಗಿ ನೇತಾಡುತ್ತಿರುತ್ತವೆ. ದನದ ಮೇಲೆ ಸಾಮಾನ್ಯವಾಗಿ ಕಾಣುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಮರಿಯಾಗಿ ಹತ್ತಿದ್ದು ಸುಮಾರು ಮೂರು ವಾರ ಒಂದೇ ದನದ ಮೇಲಿದ್ದು, ಕೆಳಗೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಒಂದೊಂದು ಆಕಳ ಮೇಲೆ ಎಷ್ಟು ಉಣುಗು ದಡ ಸೇರಿತು ಎಂಬುದರ ಮೇಲೆ ಮುಂದಿನ ವರ್ಷದ ಬೇಣದ ಸ್ಥಿತಿ ನಿಂತಿದೆ.

ಈ ವ್ಯತ್ಯಾಸವನ್ನು ಆಳವಾಗಿ ಅಭ್ಯಾಸ ಮಾಡಿದವರು ಆಸ್ಟ್ರೇಲಿಯಾದವರು. ಯುರೋಪಿನ ತಳಿಗಳು ಅಲ್ಲಿ ಉಣುಗಿನಿಂದ ತತ್ತರಿಸಿದಾಗ ಭಾರತದ ಮೂಲದ, ಡುಬ್ಬವಿರುವ ಬ್ರಾಹ್ಮನ್ ತಳಿಯನ್ನು ತರಿಸಿ ಬೆರೆಸಿದರು. ನಮ್ಮ ಗಿಡ್ಡವೂ ಅದೇ ಡುಬ್ಬದ ವಂಶದ್ದು. ಮೊದಲ ಸಲ ಉಣುಗು ಹತ್ತಿದಾಗ ಎರಡೂ ಬಗೆಯ ದನಗಳು ಹೆಚ್ಚುಕಡಿಮೆ ಒಂದೇ ರೀತಿ ಸೋಲುತ್ತವೆ. ಮತ್ತೆ ಮತ್ತೆ ಹತ್ತಿದ ಮೇಲೆ ಡುಬ್ಬದ ದನ ಕಲಿಯುತ್ತದೆ, ಹತ್ತಿದ ಮರಿಗಳಲ್ಲಿ ಬಹುಪಾಲನ್ನು ಮೊದಲ ದಿನವೇ ಕಳೆದುಕೊಳ್ಳುತ್ತದೆ. ಕಲಿಯುವ ಶಕ್ತಿ ವಂಶದ್ದು, ಕಲಿಕೆ ಕಡಿತದಿಂದ ಬಂದದ್ದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಾಹ್ಮನ್ ಮತ್ತು ಎಚ್‌ಎಫ್ ದನಗಳ ರಕ್ತವನ್ನು ಹೋಲಿಸಿದಾಗ ಅನಿರೀಕ್ಷಿತವಾದದ್ದು ಕಂಡಿತು. ಉಣುಗಿನ ವಿರುದ್ಧ ಪ್ರತಿಕಾಯ ಹೆಚ್ಚಿದ್ದದ್ದು ಎಚ್‌ಎಫ್‌ನಲ್ಲಿ. ಉಣುಗು ಹೆಚ್ಚಿದ್ದದ್ದೂ ಅದರಲ್ಲೇ. ಬ್ರಾಹ್ಮನ್‌ನಲ್ಲಿ ಟಿ ಕೋಶಗಳ ಕೆಲಸ ಏರಿಳಿತವಿಲ್ಲದೆ ನಡೆದಿತ್ತು. ಬೇಲಿ ಮುರಿದ ಮೇಲೆ ಊರೆಲ್ಲ ಬೊಬ್ಬೆ ಹಾಕಿದರೂ ದನ ತೋಟಕ್ಕೆ ನುಗ್ಗುವುದು ತಪ್ಪುವುದಿಲ್ಲವಲ್ಲ, ಹಾಗೆ. ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಕಂಡ ಮಾತ್ರಕ್ಕೆ ರಕ್ಷಣೆ ಇದೆ ಎಂದು ಹೇಳುವ ಅಭ್ಯಾಸವನ್ನು ನಮ್ಮ ವೈದ್ಯರು ಈ ಒಂದು ಉದಾಹರಣೆಯಿಂದಲಾದರೂ ಬಿಡಬೇಕು.

ನಾಲಿಗೆಯ ಪಾತ್ರವನ್ನೂ ಹೇಳಬೇಕು. ದನ ತನ್ನನ್ನು ನೆಕ್ಕಿಕೊಳ್ಳಲಾಗದಂತೆ ಮಾಡಿ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದಾಗ ಉಣುಗಿನ ಸಂಖ್ಯೆ ಹೆಚ್ಚಿತು. ಚರ್ಮ ತುರಿಕೆ ಹುಟ್ಟಿಸುತ್ತದೆ, ನಾಲಿಗೆ ಕೆಲಸ ಮುಗಿಸುತ್ತದೆ. ನಮ್ಮ ಕೊಟ್ಟಿಗೆಗಳಲ್ಲಿ ಕಣ್ಣಿಯನ್ನು ಎಷ್ಟು ಗಿಡ್ಡ ಕಟ್ಟುತ್ತೇವೆಂದರೆ ಆಕಳು ತನ್ನ ಪಕ್ಕೆಯನ್ನೂ ಮುಟ್ಟಲಾರದು. ಕಣ್ಣಿ ಒಂದು ಮೊಳ ಉದ್ದ ಬಿಡಿ, ಉಜ್ಜಿಕೊಳ್ಳಲು ಒಂದು ಕಂಬ ಇರಲಿ. ಕರು ಹಾಕಿ ಹಾಲು ಕೊಡುತ್ತಿರುವಾಗ, ಮೇವು ಸಾಲದ ಬೇಸಿಗೆಯಲ್ಲಿ ನಿರೋಧ ಕುಗ್ಗುತ್ತದೆ. ಆಗ ಹಿಂಡಿಗೆ ಖರ್ಚು ಮಾಡಿದ ಹಣ ಹಾಲಿಗೆ ಮಾತ್ರವಲ್ಲ, ಚರ್ಮಕ್ಕೂ ಹೋಗುತ್ತದೆ.

ಉಣುಗು ತರುವ ಜ್ವರಗಳ ಮಾತು ಬೇರೆಯೇ ಒಂದು ಉಪನ್ಯಾಸ ಆದೀತು. ಎರಡನ್ನು ಮಾತ್ರ ಹೇಳುತ್ತೇನೆ. ಬೆಬಿಸಿಯಾ ಕೆಂಪು ರಕ್ತಕಣ ಒಡೆದು ಮೂತ್ರವನ್ನು ಕಾಫಿ ಬಣ್ಣಕ್ಕೆ ತಿರುಗಿಸುತ್ತದೆ. ಎಳೆಗರುಗಳು ಇದನ್ನು ದೊಡ್ಡ ದನಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಆ ವಯಸ್ಸಿನಲ್ಲಿ ಸೋಂಕಿದರೆ ಹೆಚ್ಚು ನರಳದೆ ಕಲಿತುಬಿಡುತ್ತವೆ. ಪೇಟೆಯ ಕಡೆಯ, ಉಣುಗೇ ಕಾಣದ ಫಾರ್ಮಿನಿಂದ ತಂದ ತುಂಬು ಪ್ರಾಯದ ಮಿಶ್ರತಳಿ ಆಕಳು ನಮ್ಮಲ್ಲಿ ಬಂದು ಒಂದು ತಿಂಗಳೊಳಗೆ ಮಲಗುವುದು ಅದಕ್ಕೇ. ಥೈಲೇರಿಯಾ ಇನ್ನೂ ವಿಚಿತ್ರ. ಅದು ಹೊಗುವುದು ರಕ್ಷಣೆ ಕೊಡಬೇಕಾದ ಬಿಳಿ ಕಣದೊಳಕ್ಕೇ. ಹೊಕ್ಕು ಆ ಕಣವನ್ನು ಕ್ಯಾನ್ಸರಿನ ಕೋಶದಂತೆ ವಿಭಜಿಸುತ್ತ ಹೋಗುವಂತೆ ಮಾಡುತ್ತದೆ. ಮಿಶ್ರತಳಿ ಕೊಳ್ಳುವವರು ಹಾಲಿನ ಲೆಕ್ಕದ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಿಶ್ರತಳಿಯೇ ಬೇಡ ಎನ್ನುವವನು ನಾನಲ್ಲ. ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅದರ ಜೊತೆಗೆ ಒಂದೆರಡು ಗಿಡ್ಡವೂ ಉಳಿಯಲಿ, ಮಿಶ್ರತಳಿಯಲ್ಲೂ ಉಣುಗು ಕಡಿಮೆ ಹತ್ತುವ ಆಕಳಿನ ಕರುವನ್ನೇ ಇಟ್ಟುಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ.

ಮನುಷ್ಯರ ಕಡೆಗೆ ಬಂದರೆ ಕ್ಯಾಸನೂರನ್ನು ನೆನೆಯದೆ ಆಗದು. ಬನವಾಸಿ ದಾಟಿದರೆ ಸೊರಬ. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಊರುಗಳಲ್ಲಿ ಜ್ವರ ಬಂತು. ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಸಹೋದ್ಯೋಗಿಗಳು 1957ರಲ್ಲಿ ಹೊಸ ವೈರಸ್ಸನ್ನು, ಈಗ ನಾವು ಮಂಗನ ಕಾಯಿಲೆ ಎನ್ನುವುದರ ವೈರಸ್ಸನ್ನು, ಗುರುತಿಸಿದರು. ಉಣುಗಿನಿಂದ ಹರಡುವುದು ಎಂಬುದೂ ಆಗಲೇ ಗೊತ್ತಾಯಿತು. ಈ ಒಂದೇ ವೈರಸ್ಸಿಗೆ ಕಾಡಿನ ಬೇರೆ ಬೇರೆ ಪ್ರಾಣಿಗಳ ದೇಹ ಎಷ್ಟು ಬೇರೆಯಾಗಿ ಸ್ಪಂದಿಸುತ್ತದೆ ನೋಡಿ. ಮುಸುವ ಮತ್ತು ಕೆಂಪು ಮಂಗಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ, ಸಾಯುತ್ತವೆ. ಸತ್ತ ಮಂಗನ ಮೈಯಿಂದ ಸೋಂಕಿತ ಉಣುಗುಗಳು ಅಲ್ಲೇ ಉದುರುತ್ತವೆ; ಮಂಗ ಸತ್ತ ಸುದ್ದಿಯನ್ನು ಕೂಡಲೇ ತಿಳಿಸಿ ಎಂದು ಆರೋಗ್ಯ ಇಲಾಖೆ ಕೇಳಿಕೊಳ್ಳುವುದು ಅದಕ್ಕೆ. ಕಾಡಿಲಿ, ಸುಂಡಿಲಿ, ಅಳಿಲುಗಳು ಕೆಲ ದಿನ ವೈರಸ್ ಹೊತ್ತು ಚೇತರಿಸಿಕೊಳ್ಳುತ್ತವೆ. ದನದ ರಕ್ತದಲ್ಲಿ ಅದು ಹೆಚ್ಚುವುದೇ ಇಲ್ಲ, ಪ್ರತಿಕಾಯ ಮಾತ್ರ ಹುಟ್ಟುತ್ತದೆ. ಆದರೂ ದನ ನಿರಪರಾಧಿಯಲ್ಲ. ಬಲಿತ ಉಣುಗಿಗೆ ರಕ್ತ ಕೊಟ್ಟು ಅದರ ಸಂತತಿಯನ್ನು ಬೆಳೆಸುವುದು ಅದೇ. ಗಿಡ್ಡದ ಚರ್ಮದ ವಿಷಯ ಊರಿನ ಆರೋಗ್ಯದ ವಿಷಯವೂ ಆಗುವುದು ಇಲ್ಲಿ.

ದೀರ್ಘಕಾಲ ನಾವೆಲ್ಲ ನಂಬಿದ್ದು, ಪ್ರಾಣಿಯ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ ಮಾತ್ರ ಉಣುಗಿಗೆ ಅದು ಸಿಗುತ್ತದೆ ಎಂದು. 1987ರಲ್ಲಿ ಇಂಗ್ಲೆಂಡಿನ ಪೆಟ್ರೀಷಿಯಾ ನಟಾಲ್ ಮತ್ತು ಸಂಗಡಿಗರು ಥೊಗೊಟೊ ಎಂಬ ವೈರಸ್ಸಿನ ಮೇಲೆ ಮಾಡಿದ ಪ್ರಯೋಗದಿಂದ ಆ ನಂಬಿಕೆ ಬಿತ್ತು. ಸೋಂಕಿತ ಉಣುಗು ಮತ್ತು ಸೋಂಕಿಲ್ಲದ ಉಣುಗು ಒಂದೇ ಗಿನಿಯಿಲಿಯ ಮೇಲೆ ಕೂತು ಕುಡಿಯುವಾಗ, ಗಿನಿಯಿಲಿಯ ರಕ್ತದಲ್ಲಿ ವೈರಸ್ ಪತ್ತೆಯಾಗದಿದ್ದರೂ ಎರಡನೆಯದಕ್ಕೆ ಸೋಂಕು ದಾಟಿತು. ಮುಂದೆ ಸ್ಲೊವಾಕಿಯಾದ ಮಿಲಾನ್ ಲಬುಡಾ ಅವರು, ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿಯಾದ, ಯುರೋಪಿನ ಉಣುಗು ಮೆದುಳುಜ್ವರದ ವೈರಸ್ಸಿನಲ್ಲಿ ಇದು ನಡೆಯುವ ಬಗೆಯನ್ನು ತೋರಿಸಿದರು. ಕಚ್ಚಿದ ಜಾಗಕ್ಕೆ ರಕ್ಷಣೆಗೆಂದು ಓಡಿಬಂದ ಕೋಶಗಳೇ ವೈರಸ್ಸನ್ನು ಹೊತ್ತು ಚರ್ಮದೊಳಗೆ ಒಂದು ಉಣುಗಿನ ಬಾಯಿಂದ ಇನ್ನೊಂದರ ಬಾಯಿಗೆ ಮುಟ್ಟಿಸುತ್ತವೆ. ಆ ವೈರಸ್ಸಿನ ವಿರುದ್ಧ ಪ್ರತಿಕಾಯ ಇದ್ದ ಕಾಡಿಲಿಗಳಲ್ಲೂ ಈ ದಾಟುವಿಕೆ ಪೂರ್ತಿ ನಿಲ್ಲಲಿಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಗುಣವಾದ ಪ್ರಾಣಿಯೂ ಸೇತುವೆಯಾಗಬಲ್ಲದು ಎಂದಾದರೆ ರಕ್ತದ ಲೆಕ್ಕವೊಂದನ್ನೇ ಇಟ್ಟುಕೊಂಡು ಕಾಡಿನ ಕಾಯಿಲೆಯನ್ನು ಅಳೆಯುವುದು ಸಾಲದು.

ಹಾಗಾದರೆ ಆಗಾಗ ಕಚ್ಚಿಸಿಕೊಂಡ ಮನುಷ್ಯನಿಗೆ ಗಿಡ್ಡದ ಹಾಗೆ ರಕ್ಷಣೆ ಬರುತ್ತದೆಯೇ? ಹಳ್ಳಿಗಳಲ್ಲಿ ನನ್ನನ್ನು ಎಷ್ಟೋ ಜನ ಕೇಳಿದ ಪ್ರಶ್ನೆ. ಅಮೆರಿಕದ ಬ್ಲಾಕ್ ಐಲ್ಯಾಂಡ್‌ನಲ್ಲಿ ಉಣುಗು ಕಚ್ಚಿದಾಗ ಪದೇ ಪದೇ ತುರಿಕೆ ಬರುತ್ತಿದ್ದವರಿಗೆ ಲೈಮ್ ಕಾಯಿಲೆ ಕಡಿಮೆ ಬಂದದ್ದು 2005ರಲ್ಲಿ ವರದಿಯಾಗಿದೆ. ಆದರೆ ಲೈಮ್ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ಜೊಲ್ಲಿಗೆ ಬರಲು ಒಂದು ದಿನಕ್ಕೂ ಹೆಚ್ಚು ಬೇಕು. ತುರಿಕೆ ಎಚ್ಚರಿಸಿ, ಕಿತ್ತೆಸೆಯಲು ಸಮಯ ಸಿಗುತ್ತದೆ. ಮಂಗನ ಕಾಯಿಲೆಯ ಬಳಗದ ವೈರಸ್ಸುಗಳ ರೀತಿ ಬೇರೆ. ಅವು ಜೊಲ್ಲಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಅವುಗಳಲ್ಲೊಂದಾದ ಪೊವಾಸನ್ ವೈರಸ್ ಹದಿನೈದೇ ನಿಮಿಷದಲ್ಲಿ ಇಲಿಗೆ ದಾಟಿದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. ಆದ್ದರಿಂದ ಬೆಟ್ಟಕ್ಕೆ ಹೋಗಿ ಹೋಗಿ ಮೈ ಪಳಗಿದೆ ಎಂದು ಯಾರೂ ಧೈರ್ಯ ತಂದುಕೊಳ್ಳಬೇಡಿ. ದರಕು ಗುಡಿಸಲು ಹೊರಡುವ ಮೊದಲು ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಚ್ಚಿದ ಉಣುಗನ್ನು ಚಿಮಟಿಯಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಲ್ಲಿ ಹಿಸುಕುವುದು ಬೇಡವೇ ಬೇಡ.

ಅತಿಯಾದ ಸ್ಪಂದನೆಯೂ ಕಷ್ಟವೇ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕೆಲವು ಜಾತಿಯ ಉಣುಗು ಕಚ್ಚಿದವರಿಗೆ ಮುಂದೆ ಮಾಂಸ ತಿಂದರೆ ತೀವ್ರ ಅಲರ್ಜಿ ಬರುತ್ತದೆ. ಜೊಲ್ಲಿನಲ್ಲಿರುವ ಒಂದು ಸಕ್ಕರೆಯ ಅಣುವಿನ ವಿರುದ್ಧ ದೇಹ ಕಲಿತ ಪಾಠದ ಫಲ ಅದು.

ಕಡೆಯದಾಗಿ ಲಸಿಕೆ. ಮಂಗನ ಕಾಯಿಲೆಗೆ ನಮ್ಮಲ್ಲಿ ಬಹುಕಾಲ ಬಳಸಿದ ಲಸಿಕೆಯನ್ನು 2005ರಿಂದ 2010ರವರೆಗಿನ ಮಾಹಿತಿ ಹಿಡಿದು ಪರಿಶೀಲಿಸಿದಾಗ ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ. 62, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು ಶೇ. 83 ರಕ್ಷಣೆ ಕಂಡಿತ್ತು. ಆ ಲಸಿಕೆ ಈಗ ನಿಂತಿದೆ. ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸದನ್ನು ಸಿದ್ಧಪಡಿಸುತ್ತಿವೆ. ಅದು ಬೇಗ ನಮ್ಮ ಊರುಗಳಿಗೆ ಬರಲಿ. ಆದರೆ ಅದು ವೈರಸ್ಸಿನ ವಿರುದ್ಧದ ಲಸಿಕೆ. ಉಣುಗಿನ ವಿರುದ್ಧವೇ ಲಸಿಕೆ ಮಾಡುವ ಇನ್ನೊಂದು ದಾರಿ ಇದೆ, ನನ್ನ ಆಸೆ ನೆಟ್ಟಿರುವುದು ಅದರ ಮೇಲೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಟಿಕ್‌ಗಾರ್ಡ್, ಕ್ಯೂಬಾದಲ್ಲಿ ಗವಾಕ್ ಎಂಬ ದನದ ಲಸಿಕೆಗಳು ಬಂದವು. ಉಣುಗಿನ ಕರುಳಿನ ಒಂದು ಪ್ರೋಟೀನಿನ ವಿರುದ್ಧ ದನದಲ್ಲಿ ಪ್ರತಿಕಾಯ ಹುಟ್ಟಿಸಿ, ಉಣುಗು ಆ ರಕ್ತ ಕುಡಿದಾಗ ಅದರ ಕರುಳೇ ಹಾಳಾಗುವಂತೆ ಮಾಡುವ ಉಪಾಯ. ತೊಡಕೆಂದರೆ, ಕಚ್ಚುವಾಗ ಕರುಳಿನ ಪ್ರೋಟೀನು ದನಕ್ಕೆ ಕಾಣುವುದಿಲ್ಲ, ನೆನಪು ಮಾಸುತ್ತದೆ, ಮತ್ತೆ ಮತ್ತೆ ಚುಚ್ಚಬೇಕು. ಜೊಲ್ಲಿನ ಪ್ರೋಟೀನಿಗೆ ಈ ತೊಡಕಿಲ್ಲ; ಪ್ರತಿ ಕಡಿತವೂ ನೆನಪನ್ನು ಹೊಸದಾಗಿಸುತ್ತದೆ. 2006ರಲ್ಲಿ ಲಬುಡಾ ಮತ್ತು ಸಂಗಡಿಗರು ಉಣುಗಿನ ಅಂಟಿನ ಒಂದು ಪ್ರೋಟೀನಿನಿಂದ ಇಲಿಗಳಿಗೆ ಲಸಿಕೆ ಕೊಟ್ಟರು. ಸೋಂಕಿತ ಉಣುಗು ಕಚ್ಚಿದರೂ ಅವುಗಳಲ್ಲಿ ಅನೇಕವು ಮೆದುಳುಜ್ವರದಿಂದ ಬದುಕಿದವು. ಆ ಲಸಿಕೆಯಲ್ಲಿ ವೈರಸ್ಸಿನ ಅಂಶ ಎಳ್ಳಷ್ಟೂ ಇರಲಿಲ್ಲ. 2021ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಜೊಲ್ಲಿನ ಹತ್ತೊಂಬತ್ತು ಪ್ರೋಟೀನುಗಳ ಎಂಆರ್‌ಎನ್‌ಎ ಲಸಿಕೆಯನ್ನು ಗಿನಿಯಿಲಿಗಳಿಗೆ ಕೊಟ್ಟಾಗ ಕಚ್ಚಿದ ಜಾಗ ಬೇಗ ಕೆಂಪಾಯಿತು, ಉಣುಗುಗಳು ಹೊಟ್ಟೆ ತುಂಬುವ ಮೊದಲೇ ಕಳಚಿಬಿದ್ದವು.

ಹಿಮಫೈಸಾಲಿಸ್ ಸ್ಪಿನಿಜೆರಾದ ಜೊಲ್ಲಿನ ಮೇಲೆ ಇಂಥ ಕೆಲಸ ನಡೆಯಬೇಕಾದ ಊರು ಯಾವುದು? ಇಲ್ಲಿಯೇ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿಯೇ. ಅದಕ್ಕೆ ಪ್ರಯೋಗಾಲಯ ಬೇಕು, ಸರ್ಕಾರ ಮನಸ್ಸು ಮಾಡಬೇಕು, ಅದನ್ನು ಕೇಳುತ್ತಲೇ ಇರೋಣ. ಆದರೆ ಯಾರ ಅಪ್ಪಣೆಯೂ ಬೇಡದ ಒಂದು ಕೆಲಸ ಇದೆ. ಈ ಉಪನ್ಯಾಸದ ದತ್ತಿಯ ಬಡ್ಡಿಯಲ್ಲಿ ಒಂದಿಷ್ಟನ್ನು ಅದಕ್ಕೆ ತೆಗೆದಿಡಿ ಎಂದು ದತ್ತಿ ಇಟ್ಟ ಕುಟುಂಬದವರಲ್ಲಿ ಕೈಮುಗಿದು ಕೇಳುತ್ತೇನೆ. ಆಸ್ಟ್ರೇಲಿಯಾದವರು ದನದ ನಿರೋಧವನ್ನು ಅಳೆಯುವ ಕ್ರಮ ಬಹಳ ಸರಳ: ದನದ ಒಂದು ಮಗ್ಗುಲಲ್ಲಿ 4.5ರಿಂದ 8 ಮಿಲಿಮೀಟರ್ ಉದ್ದದ ಹೆಣ್ಣು ಉಣುಗುಗಳನ್ನು ಎಣಿಸುವುದು. ಅಷ್ಟು ಬೆಳೆದವು ಮರುದಿನದೊಳಗೆ ಉದುರುವಂಥವು. ಆದ್ದರಿಂದ ಆ ದಿನ ಎಷ್ಟು ಉಣುಗು ಚರ್ಮವನ್ನು ಗೆದ್ದವು ಎಂಬ ಲೆಕ್ಕ ನೇರವಾಗಿ ಸಿಗುತ್ತದೆ. ಒಂದು ಅಳತೆಪಟ್ಟಿ, ಒಂದು ಟಾರ್ಚು, ಕೈಗವಸು, ನೋಟ್‌ಬುಕ್ ಇದ್ದರೆ ಸಾಕು. ನಮ್ಮ ಕಾಲೇಜಿನ ಮಕ್ಕಳು ಮನೆಮನೆಯ ಕೊಟ್ಟಿಗೆಗೆ ಹೋಗಿ, ಗಿಡ್ಡ ಎಷ್ಟು, ಮಿಶ್ರತಳಿ ಎಷ್ಟು, ಎಮ್ಮೆ ಎಷ್ಟು, ಯಾವುದರ ಮೇಲೆ ಎಷ್ಟು ಉಣುಗು, ಕಣ್ಣಿ ಎಷ್ಟು ಉದ್ದ, ಕರು ಹಾಕಿ ಎಷ್ಟು ದಿನವಾಯಿತು ಎಂದು ತಿಂಗಳಿಗೊಮ್ಮೆ ಬರೆದಿಡಲಿ. ಮಳೆಗಾಲ ಹಿಡಿದ ಮೇಲೆ ಬಲಿತ ಉಣುಗು ದನದ ಮೇಲೆ ಹೆಚ್ಚುತ್ತದೆ; ಜೂನಿನಲ್ಲಿ ಶುರು ಮಾಡಿದರೆ ಒಳ್ಳೆಯದು. ಎಣಿಸುವ ಕ್ರಮವನ್ನು ಕಲಿಸಿಕೊಡಲು ನಾನು ಬರುತ್ತೇನೆ.